ಮೂವತ್ತನಾಲ್ಕನೆಯ ಹೆಸರು

ಕಕ್ಕೇರಾ ರಾಮಣ್ಣ ಸತ್ತ ಸುದ್ದಿ ಸುರಪುರ ಸೀಮೆಗೆ ಮುಟ್ಟುವಷ್ಟರಲ್ಲಿ ಅವನು ಸತ್ತು ಐದು ವಾರ ಕಳೆದಿತ್ತು. ಸಾವಿರದ ಒಂಬೈನೂರ ನಲವತ್ತೆಂಟರ ಜುಲೈ ತಿಂಗಳ ಕೊನೆ ಅದು. ಭಾರತಕ್ಕೆ ಸೇರಲೊಪ್ಪದ ಹೈದರಾಬಾದ್ ಸಂಸ್ಥಾನದ ಗಡಿ ಮುಚ್ಚಿತ್ತು. ಆಚೆಯಿಂದ ಸೀಮೆಎಣ್ಣೆ ಬರುತ್ತಿರಲಿಲ್ಲ, ಉಪ್ಪು ಬರುತ್ತಿರಲಿಲ್ಲ, ಪತ್ರಿಕೆಯಂತೂ ಬರುವಂತೆಯೇ ಇರಲಿಲ್ಲ. ರಂಗಂಪೇಟೆಯ ದರ್ಜಿ ದೇವಿಂದ್ರನಿಗೆ ತಾಳಿಕೋಟೆ ಕಡೆಯಿಂದ ಕಳ್ಳದಾರಿಯಲ್ಲಿ ಒಂದಿಷ್ಟು ದಾರದ ಉಂಡೆಗಳು ಬಂದವು. ಅವುಗಳನ್ನು ಸುತ್ತಿದ್ದ ಹಾಳೆಯನ್ನು ಬಿಚ್ಚಿದಾಗ ರಾಮಣ್ಣನ ಮುಖ ಕಂಡಿತು. ಸುತ್ತಲೂ ಕರಿ ಗೆರೆ ಎಳೆದಿದ್ದರು.

ದೇವಿಂದ್ರ ಎರಡು ಸಲ ಓದಿದ. ಮೂರನೆಯ ಸಲ ಓದುವಾಗ ಹೆಂಡತಿ ಮೌನಮ್ಮ ಹಿಂದೆ ಬಂದು ನಿಂತಿದ್ದಳು.

"ಏನ್ರಿ ಅದು, ಆಕಡಿ ಪೇಪರೇನು?"

"ರಾಮಣ್ಣ ಹೋಗ್ಯಾನ. ಗಂಟಲಿನ ರೋಗಂತ. ಕೊಲ್ಹಾಪುರದ ದವಾಖಾನಿಯೊಳಗ."

ಮೌನಮ್ಮ ಒಂದು ಕ್ಷಣ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಆಮೇಲೆ ಹಾಳೆಯನ್ನು ಅವನ ಕೈಯಿಂದ ಎಳೆದುಕೊಂಡು ಒಳಗೆ ಹೋಗಿ ಒಲೆಗೆ ಹಾಕಿದಳು. ಹಿಂದಿನ ವಾರ ಆಚೆ ಓಣಿಯಲ್ಲಿ ಇಂಥದೇ ಒಂದು ಹಾಳೆ ಸಿಕ್ಕಿತೆಂದು ಒಬ್ಬನನ್ನು ಚೌಕಿಗೆ ಕರೆದೊಯ್ದಿದ್ದರು. ಅವನಿನ್ನೂ ಮನೆಗೆ ಬಂದಿರಲಿಲ್ಲ.

ದೇವಿಂದ್ರ ಅಂಗಡಿ ಮುಚ್ಚಿ ಸುಲ್ತಾನಸಾಬನ ಮನೆಗೆ ಹೋದ. ಸುಲ್ತಾನಸಾಬ ಎಂದರೆ ಡೇರೆ ಟಾಕೀಸಿನ ಸುಲ್ತಾನಸಾಬ. ಎಂಟು ವರ್ಷ ಯಾದಗಿರಿ, ಶಹಾಪುರ, ಸುರಪುರ ಮೂರೂ ಊರುಗಳಲ್ಲಿ ಡೇರೆ ಹೊಡೆದು ಸಿನೆಮಾ ತೋರಿಸಿದವನು. ರಾಮಣ್ಣನ ಒಂಬತ್ತು ಸಿನೆಮಾಗಳೂ ಅವನ ಡೇರೆಯಲ್ಲೇ ಓಡಿದ್ದವು. ರಂಜಾನಿನ ದಿನಗಳು, ಅವನು ರೋಜಾ ಇದ್ದ. ಸುದ್ದಿ ಕೇಳಿ ಗೋಡೆಗೆ ಒರಗಿ ಕುಳಿತ. ಹೆಂಡತಿ ಶರೀಫಾಬೀ ಬಾಗಿಲಿನ ಮರೆಯಿಂದ "ಏನಾತು?" ಎಂದು ಕೇಳಿದಳು.

ಅವನು ಹೇಳಿದ್ದು ಇಷ್ಟು: "ನಲವತ್ತೊಂದರಾಗ ಶಹಾಪುರಕ್ಕ ಬಂದಿದ್ನಲ್ಲ, ಅವತ್ತು ನಾ ಕುರ್ಚಿ ಹಾಕಿಸಿದ್ದೆ. ಕುರ್ಚಿ ಬಿಟ್ಟು ಮಂದಿ ನಡುವ ನೆಲಕ್ಕ ಕೂತ. ತನ್ನ ಸಿನೆಮಾ ತಾನೇ ನೋಡಿ ಅತ್ತ, ಹುಚ್ಚ."

ರಾಮಣ್ಣ ಕಕ್ಕೇರಾದಲ್ಲಿ ಎಮ್ಮೆ ಕಾಯುತ್ತಿದ್ದವನು. ನಾಟಕದ ಕಂಪನಿಯೊಂದು ಬಂದಾಗ ಅದರ ಬಂಡಿಯ ಹಿಂದೆಯೇ ಹೋಗಿಬಿಟ್ಟ. ಮೀಸೆ ಬರುವತನಕ ಹೆಣ್ಣು ಪಾತ್ರ ಹಾಡಿದ, ಮೀಸೆ ಬಂದಮೇಲೆ ರಾಜನಾದ. ಆಮೇಲೆ ಟಾಕಿ ಬಂತು, ಅವನೂ ಅದರೊಳಗೆ ಹೋದ. ಪರದೆಯ ಮೇಲೆ ಅವನು ಮಾತಾಡುತ್ತಿದ್ದ ಕನ್ನಡ ಎಲ್ಲ ಕಡೆಯ ಕನ್ನಡವಾಗಿರುತ್ತಿತ್ತು. ಆದರೆ ಸಿಟ್ಟು ಬಂದಾಗ ಮಾತ್ರ ಕಕ್ಕೇರಾದ ಮಾತು ನುಗ್ಗಿಬರುತ್ತಿತ್ತು. ಆಗ ಡೇರೆಯೊಳಗಿನ ಮಂದಿ ಎದ್ದು ನಿಂತು ಕೂಗುತ್ತಿದ್ದರು. ಕೊನೆಯ ವರ್ಷಗಳಲ್ಲಿ ಅವನ ಗಂಟಲು ಹೋಯಿತು. ಸಾಯುವ ಮುಂಚೆ ಹತ್ತನೆಯದೊಂದು ಸಿನೆಮಾದಲ್ಲಿ ಮೂಕನ ಪಾತ್ರ ಮಾಡಿದ್ದಾನೆಂದು ಆ ಹಾಳೆಯಲ್ಲಿ ಬರೆದಿತ್ತು. ಗಡಿ ಮುಚ್ಚಿದ ಮೇಲೆ ಬಂದ ಸಿನೆಮಾ ಅದು. ಸಂಸ್ಥಾನದೊಳಗೆ ಅದನ್ನು ಯಾರೂ ನೋಡಿರಲಿಲ್ಲ.

"ಕಾಕಾ, ಒಂದು ದಿನ ಎಲ್ಲಾರೂ ಕೂಡಿ ಕೂಡ್ರೋಣು. ಅವನ್ನ ನೆನಸೋಣು" ಎಂದ ದೇವಿಂದ್ರ.

"ಈಗೇನು? ಐದು ಮಂದಿ ಒಂದ ಕಡಿ ಕೂತ್ರ ಖಾಕಿಯವ್ರು ಬಂದು ಯಾಕಂತ ಕೇಳ್ತಾರ."

"ಕೇಳ್ಲಿ. ಸಿನೆಮಾದವನಿಗೆ ಅತ್ರ ತಪ್ಪೇನದ?"

ದೇವಿಂದ್ರ ಪಟ್ಟು ಬಿಡಲಿಲ್ಲ. ನಾಲ್ಕು ದಿನ ದಿನವೂ ಹೋಗಿ ಅದನ್ನೇ ಹೇಳಿದ. ಕೊನೆಗೆ ಸುಲ್ತಾನಸಾಬ ಉರ್ದುವಿನಲ್ಲಿ ಒಂದು ಅರ್ಜಿ ಬರೆದುಕೊಂಡು, ರಂಜಾನ್ ಮುಗಿದ ಮೇಲೆ, ದೇವಿಂದ್ರನನ್ನು ಜೊತೆಗಿಟ್ಟುಕೊಂಡು ಚೌಕಿಯ ಅಧಿಕಾರಿ ಅಮೀನನ ಮುಂದೆ ನಿಂತ.

ಅಮೀನ ಅರ್ಜಿಯನ್ನು ಓದಿ ಮಡಚಿ, ಮತ್ತೆ ಬಿಚ್ಚಿ ಓದಿದ. "ಈ ರಾಮಣ್ಣ ಯಾವ ಪಾರ್ಟಿ?"

"ಪಾರ್ಟಿ ಇಲ್ರಿ ಸಾಹೇಬ, ಆ್ಯಕ್ಟರ್ ಇದ್ದ."

"ರಾಜನ ಪಾರ್ಟು ಮಾಡ್ತಿದ್ನೇನು?"

"ರಾಜಂದೂ ಮಾಡ್ಯಾನ್ರಿ, ಭಿಕ್ಷುಕಂದೂ ಮಾಡ್ಯಾನ."

ಅಮೀನ ನಗಲಿಲ್ಲ. ಎರಡು ತಾಸು ಅಪ್ಪಣೆ ಕೊಟ್ಟ. ಒಂದೇ ಷರತ್ತು: ಬಂದವರೆಲ್ಲರ ಹೆಸರು, ತಂದೆಯ ಹೆಸರು, ಊರು ಬರೆದು, ಕೆಳಗೆ ಸುಲ್ತಾನಸಾಬ ರುಜು ಹಾಕಿ ತನಗೆ ಒಪ್ಪಿಸಬೇಕು.

ಶಹಾಪುರದ ಖಂಡಪ್ಪ ಮಾಸ್ತರರಿಗೆ ಇದು ತಿಳಿದಾಗ ಅವರು ಐದಾರು ಹರದಾರಿ ದೂರದಿಂದ ಬಂಡಿ ಹಿಡಿದು ರಂಗಂಪೇಟೆಗೆ ಬಂದರು. ರಾಮಣ್ಣನ ಹಾಡುಗಳನ್ನೆಲ್ಲ ಒಂದು ವಹಿಯಲ್ಲಿ ಬರೆದಿಟ್ಟುಕೊಂಡ ಮನುಷ್ಯ ಅವರು. "ದೇವಿಂದ್ರಾ, ಇದನ್ನ ಬಿಡು" ಎಂದರು. "ಹೆಸರು ಬರಕೊಡೋದು ಹಗುರ ಮಾತಲ್ಲ. ಇವತ್ತು ಯಾತಕ್ಕ ಬರಸ್ಕೋತಾರೋ, ನಾಳಿ ಯಾತಕ್ಕ ತೆಗೀತಾರೋ."

"ನಮ್ಮ ಹೆಸರು ತಗೊಂಡು ಏನ್ ಮಾಡ್ತಾರ್ರಿ ಮಾಸ್ತರ್ರ? ನಾ ಅಂಗಿ ಹೊಲಿಯಾಂವ."

ಮಾಸ್ತರರು ಬಂಡಿ ತಿರುಗಿಸಿಕೊಂಡು ಹೋದರು. ಆದರೆ ಆ ದಿನಕ್ಕೆ ಬಂದರು. ಬರದೆ ಇರಲು ಅವರಿಂದಲೂ ಆಗಲಿಲ್ಲ.

ಶ್ರಾವಣದ ಎರಡನೆಯ ಸೋಮವಾರ, ಮಧ್ಯಾಹ್ನ. ಸುಲ್ತಾನಸಾಬ ಮಳೆಗಾಲದಲ್ಲಿ ಡೇರೆಯ ಬಟ್ಟೆ, ಬಿದಿರು, ಬೆಂಚು ಒಟ್ಟುವ ತಗಡಿನ ಶೆಡ್ಡಿನಲ್ಲಿ ಮಂದಿ ಸೇರಿದರು. ಬಾಗಿಲಲ್ಲಿ ಬೆಂಚಿನ ಮೇಲೆ ಸುಲ್ತಾನಸಾಬ ಹೆಸರು ಬರೆದುಕೊಳ್ಳುತ್ತಿದ್ದ. ಅವನ ಎದುರು ಚೌಕಿಯಿಂದ ಕಳಿಸಿದ ಖಾಕಿ ತೊಟ್ಟ ಇಬ್ಬರು ಬಂದೂಕು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದರು. ಮಂದಿ ಹೆಸರು ಹೇಳುವಾಗ ಬಂದೂಕನ್ನು ನೋಡುತ್ತಿದ್ದರು. ಇಬ್ಬರು ಮೂವರು ಬಾಗಿಲತನಕ ಬಂದು ತಿರುಗಿ ಹೋದರು. ಒಳಗೆ ಬಂದವರು ಮೂವತ್ನಾಲ್ಕು.

ಮೊದಲು ಮಾತಾಡಿದವಳು ದೇವಾಪುರದ ಭೀಮವ್ವ. ರಾಮಣ್ಣನ ಕಂಪನಿಯಲ್ಲಿಯೇ ಅವಳು ಮೂರು ವರ್ಷ ಪಾತ್ರ ಮಾಡಿದ್ದಳು. ಈಗ ಅರವತ್ತರ ಹತ್ತಿರ, ಕಣ್ಣು ಮಂಜು.

"ನಾನೂ ಹೆಣ್ಣು ಪಾರ್ಟು, ಅವನೂ ಹೆಣ್ಣು ಪಾರ್ಟು" ಎಂದಳು. "ಮಂದಿಗೆ ನಾ ಗಂಡಸಾಗಿ ಕಾಣ್ತಿದ್ದೆ, ಅವ ಹೆಂಗಸಾಗಿ ಕಾಣ್ತಿದ್ದ. ಒಂದಿನ ಜಗಳಾಡಿ ನನ್ನ ಸೀರಿ ಕಸಗೊಂಡು ಉಟ್ಟ. ವಾಪಸ್ ಕೊಡಲೇ ಇಲ್ಲ ನೋಡು."

ಮಂದಿ ನಕ್ಕರು. ಬಾಗಿಲಲ್ಲಿದ್ದ ಖಾಕಿಯವರಲ್ಲಿ ಒಬ್ಬ ಕೂಡ ನಕ್ಕ. ಆ ನಗೆಯಿಂದ ಎಲ್ಲರ ಮೈ ಸಡಿಲವಾಯಿತು. ಮಾಸ್ತರರು ವಹಿ ಬಿಚ್ಚಿ ಎರಡು ಹಾಡು ಹೇಳಿದರು. ಕಕ್ಕೇರಾದಿಂದ ಬಂದ ಒಬ್ಬ ಮುದುಕ, ರಾಮಣ್ಣ ಕಾಯುತ್ತಿದ್ದ ಎಮ್ಮೆಗಳ ಹೆಸರು ಹೇಳಿದ. ರಾಜನಾಗಿ ಮಾಡಿದ ಸಿನೆಮಾ ಹೆಚ್ಚೋ, ಸಾಲಿ ಮಾಸ್ತರನಾಗಿ ಮಾಡಿದ ಸಿನೆಮಾ ಹೆಚ್ಚೋ ಎಂದು ಇಬ್ಬರು ಜೋರಾಗಿ ವಾದಕ್ಕೆ ಬಿದ್ದರು. ದೇವಿಂದ್ರ ಸುಖವಾಗಿ ಕುಳಿತು ಕೇಳುತ್ತಿದ್ದ. ತಾನು ಹಟ ಹಿಡಿದದ್ದು ಒಳ್ಳೆಯದಾಯಿತು ಎಂದುಕೊಂಡ.

ಆಗ ಹಿಂದಿನ ಸಾಲಿನಿಂದ ಒಬ್ಬ ಎದ್ದ. ಮೂವತ್ತು ವರ್ಷದವನಿರಬೇಕು, ಮುಖದ ಮೇಲೆ ವಾರದ ಗಡ್ಡ. ಎಲ್ಲರಿಗಿಂತ ಕೊನೆಗೆ ಬಂದವನು. ದೇವಾಪುರದ ಮರಿಲಿಂಗಪ್ಪ ಎಂದು ಹೆಸರು ಬರೆಸಿದ್ದ. ಅಷ್ಟು ಹೊತ್ತೂ ಅವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದುದನ್ನು ದೇವಿಂದ್ರ ಕಂಡಿದ್ದ.

"ನೀವು ಯಾರೂ ಕೊನೀದು ಹೇಳವಲ್ರಿ" ಎಂದ ಅವನು. "ರಾಜನ ಪಾರ್ಟು, ಮಾಸ್ತರನ ಪಾರ್ಟು ಎಲ್ಲಾ ಖರೇನ. ಆದ್ರ ಅಂಬಿಗನ ಪಾರ್ಟಿನ ಮುಂದ ಅವೆಲ್ಲಾ ಏನಿಲ್ಲ. ಮಾತೇ ಇಲ್ರಿ ಅದರಾಗ. ಮೂಕ ಅಂಬಿಗ. ಹೊಳಿ ದಾಟಸ್ತಾನ, ಅಷ್ಟ. ಮಂದಿ ಏನೇನೋ ಬೈತಾರ, ಹಾಸ್ಯಾ ಮಾಡ್ತಾರ. ಅವ ಹುಟ್ಟು ಹಾಕೋ ತರಾನ ಬದಲಿ ಮಾಡ್ತಾನ. ಸಿಟ್ಟಿಗೆ ಒಂದು ತರ, ದುಃಖಕ್ಕ ಒಂದು ತರ. ಬರೇ ತೋಳಿನಾಗ ಮಾತಾಡ್ತಾನ್ರಿ."

ಮಂದಿ ಮುಂದೆ ಬಾಗಿ ಕುಳಿತರು. ಅವನು ಕೈಯೆತ್ತಿ ಹುಟ್ಟು ಹಾಕುವುದನ್ನು ಮಾಡಿ ತೋರಿಸಿದ. ಅಂಬಿಗನ ಮಗಳು ಬಂದಳು, ಹೊಳೆ ಬಂತು, ಜ್ವರ ಬಂತು. ಕಣ್ಣ ಮುಂದೆ ಪರದೆ ಕಟ್ಟಿದಂತೆ ಅವನು ಹೇಳುತ್ತಿದ್ದ.

ಮೊದಲು ಗೊತ್ತಾದದ್ದು ಖಂಡಪ್ಪ ಮಾಸ್ತರರಿಗೆ. ಅವರ ಕೈಯಲ್ಲಿದ್ದ ವಹಿ ಮುಚ್ಚಿತು. ಅವರು ದೇವಿಂದ್ರನ ಕಡೆ ನೋಡಿದರು. ದೇವಿಂದ್ರನಿಗೆ ಅರ್ಥವಾಗಲು ಇನ್ನಷ್ಟು ಹೊತ್ತು ಹಿಡಿಯಿತು. ಈ ಸಿನೆಮಾ ಸಂಸ್ಥಾನದೊಳಗೆ ಬಂದೇ ಇಲ್ಲ. ಅದನ್ನು ನೋಡಿದವನು ಆಚೆಯಿಂದ ಬಂದವನು. ಗಡಿಯ ಆಚೆ ಶಿಬಿರ ಕಟ್ಟಿಕೊಂಡು, ಈಚೆಯ ಚೌಕಿಗಳ ಮೇಲೆ ಬಂದು ಬೀಳುವವರ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು.

ಬಾಗಿಲಲ್ಲಿದ್ದ ಇಬ್ಬರಲ್ಲಿ ನಕ್ಕವನು ಎದ್ದ. ಬಂದೂಕನ್ನು ಹೆಗಲಿಗೆ ಹಾಕಿಕೊಂಡು, ಏನೂ ಆಗದವನಂತೆ ಹೊರಗೆ ನಡೆದು, ಆಮೇಲೆ ಓಡತೊಡಗಿದ.

ಸುಲ್ತಾನಸಾಬ ಇನ್ನೊಬ್ಬನನ್ನು "ಬರ್ರಿ ಭಾಯಿ, ಚಾ ಆಗ್ಯಾದ" ಎಂದು ತೋಳು ಹಿಡಿದು ತನ್ನ ಮನೆಯ ಕಡೆ ಕರೆದೊಯ್ದ. ದೇವಿಂದ್ರ ಹಿಂದಿನ ಸಾಲಿಗೆ ಬಂದು ಆ ಮನುಷ್ಯನ ಅಂಗಿ ಹಿಡಿದೆಳೆದ.

"ಏಳು. ಹಿಂದ ಹಲಗಿ ಸಡಿಲದ. ಅದರ ಆಚಿ ಸಜ್ಜಿ ಹೊಲ. ಹೋಗು."

ಅವನಿಗೆ ಆಗಲೇ ತಾನು ಏನು ಮಾಡಿದೆನೆಂಬುದು ಹೊಳೆದದ್ದು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹಲಗೆಯ ಕಡೆ ತಿರುಗಿದ. ಆದರೆ ಮುಂದಿನ ಸಾಲಿನಿಂದ ಭೀಮವ್ವ ಕೇಳಿದಳು: "ಮಗಳು ಸತ್ತಮ್ಯಾಲ? ಏನು ಮಾಡ್ದ?"

"ಆಯಿ, ಹೊತ್ತಿಲ್ಲ!" ಎಂದ ದೇವಿಂದ್ರ.

"ಇಷ್ಟು ಹೇಳಿ ಹೋಗ್ಲಿ" ಎಂದಿತು ಇನ್ನೊಂದು ದನಿ. ಮಂದಿಗೆ ಭಯ ಬಂದಿತ್ತು. ಆದರೂ ಯಾರೂ ಏಳಲಿಲ್ಲ. ರಾಮಣ್ಣನ ಸಿನೆಮಾ ಇನ್ನು ನೋಡಲು ಸಿಗುತ್ತದೆಂಬ ನಂಬಿಕೆ ಅವರಲ್ಲಿ ಒಬ್ಬರಿಗೂ ಇರಲಿಲ್ಲ.

ಅವನು ನಿಂತಲ್ಲೇ ಬೇಗಬೇಗ ಹೇಳಿದ. "ಹೆಣಾ ದೋಣ್ಯಾಗ ಇಟಗೊಂಡು ಒಬ್ಬನ ಹೋಗ್ತಾನ್ರಿ. ಮುಖಾ ತೋರ್ಸಂಗೇ ಇಲ್ಲ. ಬರೇ ಬೆನ್ನು. ದೂರ ಹೋಗೋತನಕ ಬರೇ ಬೆನ್ನು. ಬೆನ್ನು ಅಳ್ತದ್ರಿ, ನನಗ ಹೇಳಾಕ ಬರವಲ್ದು…"

ದೇವಿಂದ್ರ ಹಲಗೆ ಕಿತ್ತ. ಸೀಳೊಂದು ಅಂಗೈಗೆ ಚುಚ್ಚಿ ರಕ್ತ ಬಂತು. ಮನುಷ್ಯ ನುಸುಳಿ ಸಜ್ಜೆಯೊಳಗೆ ಮರೆಯಾದ. ತೆನೆಗಳು ಸ್ವಲ್ಪ ಹೊತ್ತು ಅಲುಗಾಡಿ ನಿಂತವು.

ಅಮೀನ ಹನ್ನೆರಡು ಮಂದಿಯನ್ನು ಕರೆದುಕೊಂಡು ಬಂದ. ಗದ್ದಲ ಮಾಡಲಿಲ್ಲ. ಬೆಂಚಿನ ಮೇಲೆ ಕುಳಿತು, ಯಾದಿ ತರಿಸಿಕೊಂಡು, ಒಂದೊಂದೇ ಹೆಸರು ಓದಿದ. ಓದಿದಾಗ ಆ ಮನುಷ್ಯ ಎದ್ದು ನಿಲ್ಲಬೇಕು. ಮೂವತ್ಮೂರು ಮಂದಿ ಎದ್ದು ನಿಂತರು. ಮೂವತ್ತನಾಲ್ಕನೆಯ ಹೆಸರಿಗೆ ಯಾರೂ ಏಳಲಿಲ್ಲ.

"ಮರಿಲಿಂಗಪ್ಪ. ದೇವಾಪುರ."

"ನಮ್ಮ ಮಗ್ಗಲ ಮನಿಯಾಂವ್ರಿ" ಎಂದಳು ಭೀಮವ್ವ. "ಹೊರಗಡಿ ಹೋಗ್ಯಾನ. ಬರ್ತಾನ."

"ಬರಲಿ. ಕಾಯೋಣ" ಎಂದ ಅಮೀನ.

ಅವನು ಸಿಗರೇಟು ಹಚ್ಚಿದ. ಅದು ಮುಗಿಯಿತು, ಇನ್ನೊಂದು ಹಚ್ಚಿದ. ಮೂವತ್ಮೂರು ಮಂದಿಯೂ ನಿಂತೇ ಇದ್ದರು. ತಗಡಿನ ಮೇಲೆ ಒಂದು ಮಳೆ ಬಂದು ಹೋಯಿತು. ಭೀಮವ್ವ ಪಕ್ಕದವರ ಹೆಗಲು ಹಿಡಿದು ನಿಂತಳು, ಕೂರಲಿಲ್ಲ. ಅಮೀನನ ಮಂದಿಯಲ್ಲಿ ಒಬ್ಬ ಶೆಡ್ಡಿನ ಹಿಂದಕ್ಕೆ ಹೋಗಿ ಕಿತ್ತ ಹಲಗೆಯನ್ನು ಎತ್ತಿಕೊಂಡು ಬಂದು ನೆಲದ ಮೇಲೆ ಹಾಕಿದ.

"ಇದನ್ನು ಕಿತ್ತವರು ಯಾರು?"

ದೇವಿಂದ್ರ ಅಂಗೈಯನ್ನು ಮುಷ್ಟಿ ಕಟ್ಟಿಕೊಂಡ. ಬೆರಳ ಸಂದಿಯಲ್ಲಿ ರಕ್ತ ಅಂಟುತ್ತಿತ್ತು. ನಾನು ಎನ್ನಬೇಕು, ಈಗ ಎನ್ನಬೇಕು ಎಂದು ಅವನ ಮನಸ್ಸು ಹೇಳುತ್ತಲೇ ಇತ್ತು. ಮುಷ್ಟಿಯನ್ನು ಬೆನ್ನ ಹಿಂದೆ ಸರಿಸಿದ.

"ಶೆಡ್ಡು ನಂದು ಸಾಹೇಬ" ಎಂದ ಸುಲ್ತಾನಸಾಬ. "ಕಿತ್ತಾಂವ ನಾನೇ. ಕರದಾಂವ ನಾನೇ. ಯಾದಿ ಕೆಳಗ ರುಜು ನಂದೇ ಅದ. ಇವ್ರಿಗೇನೂ ಗೊತ್ತಿಲ್ಲ."

ಅಮೀನ ಎದ್ದು ಅವನ ಹತ್ತಿರ ಬಂದ. "ನಮ್ಮವನಾಗಿ ನೀನು ಹೀಗೆ ಮಾಡಿದೆಯಾ?" ಎಂದು ಉರ್ದುವಿನಲ್ಲಿ ಮೆಲ್ಲಗೆ ಕೇಳಿದ. ಸುಲ್ತಾನಸಾಬನನ್ನು ಲಾರಿಗೆ ಹತ್ತಿಸಿಕೊಂಡು ಯಾದಗಿರಿ ಕಡೆ ಹೋದರು. ಯಾದಿಯನ್ನೂ ಒಯ್ದರು.

ಮರುದಿನದಿಂದ ಶರೀಫಾಬೀ ದೇವಿಂದ್ರನ ಅಂಗಡಿಯ ಕಟ್ಟೆಗೆ ಬಂದು ಕೂರತೊಡಗಿದಳು. ಏನೂ ಕೇಳುತ್ತಿರಲಿಲ್ಲ. ಸುದ್ದಿ ಬಂದರೆ ಮೊದಲು ಅಂಗಡಿಗೇ ಬರುತ್ತದೆಂದು ಕೂರುತ್ತಿದ್ದಳು. ದೇವಿಂದ್ರನಿಗೆ ಹೊಲಿಗೆ ಓಡುತ್ತಿರಲಿಲ್ಲ. ಒಂದು ದಿನ ಅವನು ಮೌನಮ್ಮನಿಗೆ ಎಲ್ಲ ಹೇಳಿದ.

"ಹೋಗಿ ನಿಜಾ ಹೇಳಿಬಿಡ್ಲೇನು?"

"ಎರಡು ಮಕ್ಕಳದಾವ" ಎಂದಳು ಅವಳು. ಮುಖ ತಿರುಗಿಸಿಕೊಂಡು ಅತ್ತಳು. ಅವನು ಹೋಗಲಿಲ್ಲ.

ಸೆಪ್ಟೆಂಬರಿನಲ್ಲಿ ಆಕಾಶದಲ್ಲಿ ವಿಮಾನದ ಸದ್ದಾಯಿತು. ಭಾರತದ ಸೈನ್ಯ ಬಂತು, ನಾಲ್ಕೈದು ದಿನಗಳಲ್ಲಿ ಎಲ್ಲ ಮುಗಿಯಿತು. ಖಾಕಿಯವರು ಮಾಯವಾದರು, ಅಮೀನ ರಾತ್ರೋರಾತ್ರಿ ಊರು ಬಿಟ್ಟ. ಚೌಕಿಯ ಮೇಲೆ ಹೊಸ ಬಾವುಟ ಏರಿತು. ಸುರಪುರದ ಪೇಟೆಯಲ್ಲಿ ಮಂದಿ ಕುಣಿದರು, ದೇವಿಂದ್ರನೂ ಕುಣಿದ. ಮೂರನೆಯ ದಿನಕ್ಕೆ ಬೇರೆ ಸುದ್ದಿಗಳು ಬರತೊಡಗಿದವು. ಹಳ್ಳಿಗಳ ಕಡೆ ಹೊಗೆ ಏಳುತ್ತಿತ್ತು. ಈ ಸಲ ಹುಡುಕುತ್ತಿದ್ದವರು ಬೇರೆ, ಅಡಗುತ್ತಿದ್ದವರು ಮುಸಲ್ಮಾನರು. ಆ ಸಂಜೆ ಮೌನಮ್ಮ ಯಾರನ್ನೂ ಕೇಳದೆ ಹೋಗಿ ಶರೀಫಾಬೀಯ ಕೈಹಿಡಿದು ಕರೆತಂದು, ಒಳಕೋಣೆಯಲ್ಲಿ ಕೂರಿಸಿ, ಬಾಗಿಲಿಗೆ ತಾನು ಕುಳಿತಳು. ಹದಿನಾರು ದಿನ ಹಾಗೆಯೇ ಇಟ್ಟುಕೊಂಡಳು.

ಜೇಲುಗಳಿಂದ ಮಂದಿ ಬಿಡುಗಡೆಯಾಗಿ ಬಂದರು. ಸುಲ್ತಾನಸಾಬ ಬರಲಿಲ್ಲ. ಜೊತೆಗಿದ್ದವನೊಬ್ಬ ಹೇಳಿದ: "ಅವನ್ನ ಬಿಡವಲ್ರು. ಹೊಸ ಸಾಹೇಬ್ರ ಕೈಗೆ ಒಂದು ಯಾದಿ ಸಿಕ್ಕದ. ನಮ್ಮ ಮಂದಿ ಹೆಸರು ಬರದು ಅಮೀನಗ ಕೊಟ್ಟಾನ, ಕೆಳಗ ರುಜು ಅದ, ಇವನೇ ಚಾಡಿಕೋರ ಅಂತಾರ."

ದೇವಿಂದ್ರ ಅಲ್ಲೇ ನೆಲಕ್ಕೆ ಕುಳಿತ.

ಶೆಡ್ಡಿನಿಂದ ತಪ್ಪಿಸಿಕೊಂಡು ಹೋದ ಆ ಮನುಷ್ಯನ ಗುರುತನ್ನು ಅಲ್ಲಲ್ಲಿ ಕೇಳುತ್ತ ಅವನು ಶಹಾಪುರಕ್ಕೆ ಹೋದ. ಮರಿಲಿಂಗಪ್ಪನೆಂಬುದು ಸುಳ್ಳು ಹೆಸರು. ನಿಜದ ಹೆಸರು ಬಸವಂತ್ರಾಯ. ಈಗ ಬಿಳಿ ಟೋಪಿ ಹಾಕಿಕೊಂಡು ಒಂದು ದೊಡ್ಡ ಮನೆಯ ಪಡಸಾಲೆಯಲ್ಲಿ ಹತ್ತು ಮಂದಿಯ ನಡುವೆ ಕುಳಿತಿದ್ದ. ದೇವಿಂದ್ರನನ್ನು ಕಂಡಕೂಡಲೇ ಎದ್ದು ಬಂದು ಹಿತ್ತಲಿಗೆ ಕರೆದೊಯ್ದ.

"ನೀವು ಒಂದು ಮಾತು ಹೇಳಿದ್ರ ಸುಲ್ತಾನಸಾಬನ್ನ ಬಿಡ್ತಾರ್ರಿ" ಎಂದ ದೇವಿಂದ್ರ. "ನಿಮ್ಮ ಸಲುವಾಗಿ ಒಳಗ ಕೂತಾನ."

ಬಸವಂತ್ರಾಯ ನೆಲ ನೋಡಿದ. "ಅವತ್ತು ನನ್ನ ಕಳಿಸಿದ್ದು ಬ್ಯಾರೆ ಕೆಲಸಕ್ಕ. ನಾ ಅದು ಬಿಟ್ಟು ಸಿನೆಮಾದವನ್ನ ನೆನಸಾಕ ಬಂದು ಕೂತೆ. ಹಿಂದಿಂದ ಬರೋರು ನನ್ನ ಹಾದಿ ಕಾಯ್ಕೋತ ಸಿಕ್ಕಿಬಿದ್ರು. ಇಬ್ರು ಸತ್ರು. ಅದು ಇಲ್ಲಿ ಯಾರಿಗೂ ಗೊತ್ತಿಲ್ಲ. ಈಗ ಹೆಂಗ ಹೇಳ್ಲಿ, ಹೇಳು?"

"ಹಂಗಾರ ಅಂವ ಅಲ್ಲೇ ಸಾಯಬೇಕೇನು?"

"ನೋಡ್ತೀನಿ" ಎಂದ ಬಸವಂತ್ರಾಯ. ಅವನ ಕಣ್ಣು ತುಂಬಿತ್ತು. ಆ ದಿನ ಶೆಡ್ಡಿನಲ್ಲಿ ಅತ್ತದ್ದೂ ರಾಮಣ್ಣನಿಗೆ ಮಾತ್ರವಾಗಿತ್ತೋ, ಬಿಟ್ಟುಬಂದ ಕೆಲಸಕ್ಕೂ ಆಗಿತ್ತೋ, ದೇವಿಂದ್ರನಿಗೆ ತಿಳಿಯಲಿಲ್ಲ. ಎಂಟು ದಿನ ಕಾದ. ಯಾರೂ ಬರಲಿಲ್ಲ.

ಒಂಬತ್ತನೆಯ ದಿನ ಅವನೇ ಯಾದಗಿರಿಗೆ ಹೋಗಿ ಹೊಸ ಅಧಿಕಾರಿಯ ಮುಂದೆ ನಿಂತು ಎಲ್ಲ ಹೇಳಿದ. ಸಭೆ ಬೇಕೆಂದದ್ದು ನಾನು, ಯಾದಿಗೆ ಒಪ್ಪಿದ್ದು ನಾನು, ಹಲಗೆ ಕಿತ್ತವನು ನಾನು. ಅಂಗೈ ಚಾಚಿ ಗಾಯದ ಕಲೆ ತೋರಿಸಿದ. ಬಸವಂತ್ರಾಯನ ಹೆಸರು ಮಾತ್ರ ಹೇಳಲಿಲ್ಲ. ಅಧಿಕಾರಿ ಅವನನ್ನು ಎರಡು ದಿನ ಕೂರಿಸಿಕೊಂಡು ಅದನ್ನೇ ಮತ್ತೆ ಮತ್ತೆ ಕೇಳಿದ. ಕೊನೆಗೆ, "ಯಾದಿಯಲ್ಲಿದ್ದ ಉಳಿದವರು ಬರೆದುಕೊಡಲಿ, ನೋಡೋಣ" ಎಂದ.

ದೇವಿಂದ್ರ ಊರೂರು ನಡೆದ. ಕಕ್ಕೇರಾ, ದೇವಾಪುರ, ಶಹಾಪುರ. ಮಂದಿ ಅವನನ್ನು ಕೂರಿಸಿ ನೀರು ಕೊಟ್ಟರು, ಸುಲ್ತಾನಸಾಬ ದೇವರಂಥವನು ಎಂದರು. ಕಾಗದ ಹೊರಗೆ ತೆಗೆದರೆ ಎದ್ದು ಒಳಗೆ ಹೋದರು. "ಹೆಸರು ಬರಸೋದು ಮಾತ್ರ ಕೇಳಬ್ಯಾಡೋ ತಮ್ಮಾ" ಎಂದ ಎಮ್ಮೆಗಳ ಹೆಸರು ಹೇಳಿದ್ದ ಮುದುಕ. ಭೀಮವ್ವ ತನ್ನ ಹೆಬ್ಬೆರಳನ್ನು ತಾನೇ ಮಸಿಯಲ್ಲಿ ಅದ್ದಿ ಒತ್ತಿದಳು. ಖಂಡಪ್ಪ ಮಾಸ್ತರರು ರುಜು ಹಾಕುವ ಮುಂಚೆ ಕಾಗದವನ್ನು ಪೂರ್ತಿ ಓದಿ, ಎರಡು ಕಡೆ ತಿದ್ದಿಕೊಟ್ಟರು. ಎಲ್ಲ ಸೇರಿ ಹನ್ನೊಂದು ಮಂದಿ ಆದರು.

ಆ ಹನ್ನೊಂದು ಮಂದಿಯ ಮಾತಿಗೇ ಅವನನ್ನು ಬಿಟ್ಟರು. ದೀಪಾವಳಿ ಮುಗಿದ ವಾರ ಸುಲ್ತಾನಸಾಬ ಬಂದ. ಒಂದು ಕಿವಿ ಕೇಳುತ್ತಿರಲಿಲ್ಲ. ಯಾವ ಕಾಲದಲ್ಲಿ, ಯಾರ ಕೈಯಲ್ಲಿ ಹಾಗಾಯಿತೆಂದು ಅವನು ಹೇಳಲಿಲ್ಲ. ದೇವಿಂದ್ರ ಅವನ ಕಾಲು ಹಿಡಿದ.

"ಏಳೋ" ಎಂದ ಸುಲ್ತಾನಸಾಬ. "ನೀ ಹೇಳಿದ್ರೂ ಇಬ್ರನ್ನೂ ಒಯ್ತಿದ್ರು."

ಅವನು ತಿಂಗಳೊಳಗೆ ಡೇರೆ, ಮಷಿನ್ನು ಎಲ್ಲವನ್ನೂ ಸೊಲ್ಲಾಪುರದ ಒಬ್ಬನಿಗೆ ಕೊಟ್ಟುಬಿಟ್ಟ. ಹೈದರಾಬಾದಿನಲ್ಲಿ ಶರೀಫಾಬೀಯ ತಮ್ಮನಿದ್ದ, ಗಂಡಹೆಂಡಿರು ಅಲ್ಲಿಗೆ ಹೊರಟರು. ಯಾದಗಿರಿ ಸ್ಟೇಷನ್ನಿಗೆ ದೇವಿಂದ್ರ, ಮೌನಮ್ಮ ಇಬ್ಬರೂ ಹೋದರು. ಹೆಂಗಸರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಟ್ರಂಕಿನ ಮೇಲೆ ಕುಳಿತಿದ್ದರು. ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ನಿಂತ ನಾಲ್ಕು ಮಂದಿ ಸುಲ್ತಾನಸಾಬನ ಗಡ್ಡವನ್ನು ನೋಡುತ್ತ ತಮ್ಮತಮ್ಮಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ದೇವಿಂದ್ರ ಅವರಿಗೂ ಸುಲ್ತಾನಸಾಬನಿಗೂ ನಡುವೆ ಬಂದು ನಿಂತ. ಗಾಡಿ ಬರುವತನಕ ಅಲ್ಲಿಂದ ಕದಲಲಿಲ್ಲ.

"ಮುಟ್ಟಿದ ಕೂಡ್ಲೆ ಕಾಗದ ಹಾಕ್ರಿ ಕಾಕಾ" ಎಂದು ಕೇಳುವ ಕಿವಿಯ ಹತ್ತಿರ ಬಾಗಿ ಹೇಳಿದ.

"ಹಾಕ್ತೀನಿ."

ಗಾಡಿ ಹೊರಟಿತು. ಆ ನಾಲ್ವರಲ್ಲಿ ಇಬ್ಬರು ಓಡಿ ಹಿಂದಿನ ಡಬ್ಬಿ ಹತ್ತಿಕೊಂಡರು. ಅವರೂ ಆ ಕಡೆ ಹೋಗುವವರೇ ಇದ್ದಿರಬಹುದು. ಮೌನಮ್ಮ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು. ಹೈದರಾಬಾದಿನಿಂದ ಕಾಗದ ಬರಲಿಲ್ಲ.